ಬೂಷ್ಟು ಹಿಡಿದ ಕಡಲೆಕಾಯಿಯೂ ಯಕೃತ್ತಿನ ಏಡಿಗಂತಿಯೂ

ಕಡಲೆಕಾಯಿಯ ಕಣದಲ್ಲಿ ಆರಿಸಿ ಬೇರೆ ಮಾಡಿದ ಕಪ್ಪು ಬೀಜಗಳೂ ಮುರುಟಿದವುಗಳೂ ಬೂಷ್ಟು ಹಿಡಿದವುಗಳೂ ಮುಂದೆ ಏನಾಗುತ್ತವೆಂಬುದನ್ನು ಯಜಮಾನರು ವಿಚಾರಿಸುವುದು ಅಪರೂಪ. ಒಳ್ಳೆಯ ಕಾಯಿ ಮಂಡಿಗೆ ಹೋಗುತ್ತದೆ. ಉಳಿದುದು ಆಳುಗಳ ಮಡಿಲಿಗೋ ಗಾಣಕ್ಕೋ ಸೇರುತ್ತದೆ. ಇದು ಯುಕ್ತವಲ್ಲ, ಏಕೆಂದರೆ ಅದರಲ್ಲಿ ವಿಷವಿರಬಹುದು.

೧೯೬೦ನೆಯ ಇಸವಿಯಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಟರ್ಕಿ ಕೋಳಿಗಳು ಸತ್ತವು. ಶೋಧಿಸಲಾಗಿ, ಬ್ರೆಜಿಲ್ ದೇಶದಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಉಂಟುಮಾಡಿದ ವಿಷವೇ ಕಾರಣವೆಂದು ಗೊತ್ತಾಯಿತು. ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ೧೯೭೪ರಲ್ಲಿ ರಾಜಸ್ಥಾನದ ಬಾನ್ಸ್‌ವಾಡಾ, ಗುಜರಾತಿನ ಪಂಚಮಹಲ್ ಸೀಮೆಗಳಲ್ಲಿ ಅಕಾಲದ ಮಳೆಗೆ ನೆನೆದ ಮುಸುಕಿನ ಜೋಳವನ್ನು ಉಂಡ ಹಳ್ಳಿಗರಿಗೆ ಕಾಮಾಲೆ ಹಿಡಿದು, ಹೊಟ್ಟೆಯಲ್ಲಿ ನೀರು ತುಂಬಿ, ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅವರ ಮನೆಯ ಆಹಾರವನ್ನೇ ತಿಂದ ನಾಯಿಗಳಿಗೂ ಅದೇ ವ್ಯಾಧಿ ತಗುಲಿತು.

ಇಂಥ ಪ್ರಸಂಗಗಳು ವಿರಳ. ಹೆಚ್ಚಾಗಿ ಭಯಪಡಬೇಕಾದುದು ದಿನವೂ ಸ್ವಲ್ಪಸ್ವಲ್ಪವಾಗಿ ಒಳಹೋಗುವ ವಿಷಕ್ಕೆ. ಅದು ಯಕೃತ್ತಿನ ಜೀವಕೋಶಗಳನ್ನು ಮೂಲದಲ್ಲಿಯೇ ಕೆಡಿಸಿ, ಹಲವು ವರ್ಷಗಳ ಮೇಲೆ ಏಡಿಗಂತಿಯನ್ನು, ಎಂದರೆ ಕ್ಯಾನ್ಸರನ್ನು, ತರುತ್ತದೆ. ಹೆಪಟೈಟಿಸ್ ಬಿ ಸೋಂಕಿನಿಂದ ಯಕೃತ್ತಿನಲ್ಲಿ ಬಹುಕಾಲದ ಉರಿಯೂತವಿದ್ದವರಿಗೆ ಅಪಾಯ ಮತ್ತೂ ಘೋರ. ಷಾಂಘೈ ನಗರದ ೧೮,೦೦೦ಕ್ಕೂ ಮಿಕ್ಕ ಗಂಡಸರನ್ನು ಕುರಿತು ೧೯೯೪ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಎರಡೂ ಇಲ್ಲದವರಿಗಿಂತ ವಿಷವೊಂದೇ ಸೇರಿದವರಲ್ಲಿ ಅಪಾಯ ಸುಮಾರು ೩ ಪಟ್ಟು, ಸೋಂಕೊಂದೇ ಇದ್ದವರಲ್ಲಿ ೭ ಪಟ್ಟು, ಎರಡೂ ಕೂಡಿದವರಲ್ಲಿ ೬೦ ಪಟ್ಟಿನಷ್ಟು.

ಹುರಿದರೂ ಬೇಯಿಸಿದರೂ ಈ ವಿಷ ಪೂರ್ಣವಾಗಿ ನಾಶವಾಗದು. ಬೂಷ್ಟನ್ನು ಒರಸಿದರೂ ಹೋಗದು. ಗಾಣಕ್ಕೆ ಹಾಕಿದರೆ ಬಹುಪಾಲು ಹಿಂಡಿಯಲ್ಲಿ ನಿಲ್ಲುತ್ತದೆ. ಆ ಹಿಂಡಿಯನ್ನು ತಿಂದ ಹಸುವಿನ ಹಾಲಿನೊಡನೆ ಸ್ವಲ್ಪ ಭಾಗ ರೂಪಾಂತರ ಹೊಂದಿ ಮಕ್ಕಳ ಲೋಟಕ್ಕೆ ಬರುತ್ತದೆ. ಕೆಟ್ಟ ಬೀಜವನ್ನು ದಾನಮಾಡುವುದಕ್ಕಿಂತ ನಾಶಮಾಡುವುದೇ ಪುಣ್ಯ.

ತಡೆಯುವ ಕೆಲಸ ಹೊಲದಲ್ಲಿಯೇ ಮೊದಲಾಗಬೇಕು. ಕಾಯಿ ಬಲಿಯುವ ಕಾಲದಲ್ಲಿ ಮಳೆ ತಪ್ಪಿದರೆ ಬೂಷ್ಟು ನೆಲದೊಳಗೇ ಹತ್ತುತ್ತದೆ. ನೀರಿನ ಸೌಕರ್ಯವುಳ್ಳವರು ಆಗ ಒಂದು ನೀರು ಕೊಡತಕ್ಕದ್ದು. ಬಲಿತೊಡನೆ ಕಿತ್ತು, ಕಾಯಿ ಮೇಲಾಗುವಂತೆ ಗಿಡಗಳನ್ನು ಬೋರಲು ಹಾಕಿ ಒಣಗಿಸಬೇಕು. ಹಸಿಯದನ್ನು ಗುಡ್ಡೆ ಹಾಕತಕ್ಕದ್ದಲ್ಲ. ಸುಲಿಯಲು ಸುಲಭವಾಗಲೆಂದು ಕಾಯಿಗೆ ನೀರು ಚಿಮುಕಿಸುವ ಪದ್ಧತಿಯನ್ನು ಸಂಪೂರ್ಣವಾಗಿ ಬಿಡಬೇಕು. ಇದರಿಂದಾಗುವ ಕೇಡನ್ನು ಎಷ್ಟು ಹೇಳಿದರೂ ಸಾಲದು. ಬೀಜದ ತೇವ ನೂರಕ್ಕೆ ೮ನ್ನು ಮೀರದಂತೆ ಒಣಗಿಸಿ, ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಒಟ್ಟತಕ್ಕದ್ದು. ಸರಿಯಾಗಿ ಒಣಗಿದ ಕಾಯಿಯನ್ನು ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನುತ್ತದೆ.