ಗುಂಡು ಬರುತ್ತಿದೆ, ಮರುಭೂಮಿ ಕಾಣುತ್ತಿಲ್ಲ

ಸೆಗಾ ಮೆಗಾ ಡ್ರೈವ್‌ಗೆ 1992ರಲ್ಲಿ ಬಂದ ‘ಡೆಸರ್ಟ್ ಸ್ಟ್ರೈಕ್’ ಅನ್ನು ಎಲ್ಲರೂ ಶೂಟಿಂಗ್ ಗೇಮ್ ಎನ್ನುತ್ತಾರೆ. ಆಡಿದವರಿಗೆ ಗೊತ್ತು, ಅದು ಲೆಕ್ಕಾಚಾರದ ಆಟ. ಅಪಾಚೆ ಹೆಲಿಕಾಪ್ಟರಿನ ಟ್ಯಾಂಕಿನಲ್ಲಿ 100 ಪಾಯಿಂಟ್ ಇಂಧನ ಇರುತ್ತದೆ. ಹಾರುವಷ್ಟು ಹೊತ್ತೂ ಅದು ಇಳಿಯುತ್ತಲೇ ಹೋಗುತ್ತದೆ. ದೊಡ್ಡ ಕ್ಷಿಪಣಿಗಳು ಇರುವುದು ಎಂಟೇ. ಇಂಧನದ ಡ್ರಮ್‌ಗಳು ಮರಳಿನಲ್ಲಿ ಅಲ್ಲಲ್ಲಿ ಬಿದ್ದಿರುತ್ತವೆ, ಅವುಗಳ ನೆತ್ತಿಯ ಮೇಲೆ ಬಂದು ಹಗ್ಗದಿಂದ ಎತ್ತಿಕೊಳ್ಳಬೇಕು. ಹೊಡೆಯುವುದಕ್ಕೂ ಒಂದು ಕ್ರಮವಿದೆ. ಮೊದಲು ರಾಡಾರ್, ಉಳಿದದ್ದು ಆಮೇಲೆ. ಕ್ರಮ ತಪ್ಪಿದರೆ ಶತ್ರುವಿನ ಏಟು ಜೋರಾಗುತ್ತದೆ.

ಇದನ್ನು ರೂಪಿಸಿದ ಮೈಕ್ ಪೋಸೆನ್ ಅವರಿಗೆ ಸ್ಫೂರ್ತಿ ‘ಚಾಪ್‌ಲಿಫ್ಟರ್’. ಡ್ಯಾನ್ ಗೋರ್ಲಿನ್ 1982ರಲ್ಲಿ ಆ್ಯಪಲ್ 2 ಕಂಪ್ಯೂಟರಿಗೆ ಬರೆದ ಆಟ ಅದು. ಅಲ್ಲಿ ಎಷ್ಟು ಟ್ಯಾಂಕ್ ಉಡಾಯಿಸಿದಿರಿ ಎನ್ನುವುದು ಲೆಕ್ಕಕ್ಕಿಲ್ಲ, 64 ಒತ್ತೆಯಾಳುಗಳಲ್ಲಿ ಎಷ್ಟು ಜನರನ್ನು ಮನೆ ಸೇರಿಸಿದಿರಿ ಎನ್ನುವುದಷ್ಟೇ ಲೆಕ್ಕ. ಆ ಗುಣ ‘ಡೆಸರ್ಟ್ ಸ್ಟ್ರೈಕ್‌’ಗೂ ಇಳಿದುಬಂದಿದೆ. ಸಿಕ್ಕಿಬಿದ್ದವರನ್ನು ಹತ್ತಿಸಿಕೊಂಡು ಇಳಿದಾಣಕ್ಕೆ ತಲುಪಿಸಿದರೆ ಹೆಲಿಕಾಪ್ಟರಿನ ರಕ್ಷಾಕವಚ ಮತ್ತೆ ಗಟ್ಟಿಯಾಗುತ್ತದೆ.

ಉಡುಪಿ ಕಡೆಯ ನಮ್ಮ ಮನೆಯಲ್ಲಿ ಈ ಆಟಕ್ಕೆ ಬೇರೆಯೇ ಅರ್ಥವಿತ್ತು. ಅದನ್ನು ತಂದದ್ದು ನನ್ನ ಸೋದರಮಾವ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗ ಅವರು ಅಲ್ಲಿದ್ದರು. ಏರ್ ಇಂಡಿಯಾ ವಿಮಾನಗಳು ಅಮ್ಮಾನ್‌ನಿಂದ ಬೊಂಬಾಯಿಗೆ ಕರೆತಂದ 1.70 ಲಕ್ಷಕ್ಕೂ ಹೆಚ್ಚು ಭಾರತೀಯರಲ್ಲಿ ಅವರೂ ಒಬ್ಬರು. ಎರಡು ವರ್ಷ ಊರಲ್ಲಿದ್ದು ಆಮೇಲೆ ಮಸ್ಕತ್ತಿಗೆ ಹೋದರು. ಒಮ್ಮೆ ರಜೆಗೆ ಬರುವಾಗ ಮೆಗಾ ಡ್ರೈವ್ ಹೊತ್ತು ತಂದರು. ನಮಗೆ ಬಾಂಬು ಹಾಕುವ ಆಸೆ. ಅವರು ಮಾತ್ರ ಪಕ್ಕದಲ್ಲಿ ಕೂತು ‘ಮೊದಲು ಜನ ಹತ್ತಿಸು ಮಾರಾಯ, ಗುಂಡು ಆಮೇಲೆ’ ಎನ್ನುತ್ತಿದ್ದರು. ಕುವೈತಿನ ಬಗ್ಗೆ ಅವರು ಹೆಚ್ಚು ಮಾತಾಡಿದವರಲ್ಲ. ಆಟದ ಆ ಭಾಗವನ್ನು ಮಾತ್ರ ಬೇರೆಯವರಿಗೆ ಬಿಡುತ್ತಿರಲಿಲ್ಲ.

ಈಗ ಮಾವನಿಗೆ ಎಪ್ಪತ್ತು ದಾಟಿದೆ. ಮೊಣಕಾಲಿನ ಆಪರೇಷನ್ ಆಗಿ ಮಲಗಿದ್ದಾಗ ಫೋನಿನಲ್ಲಿ ಆ ಹೆಲಿಕಾಪ್ಟರಿನ ಸುದ್ದಿ ತೆಗೆದರು. ನಾನು ಪುಣೆಯಲ್ಲಿ ಹುಡುಕಾಡಿ ಹಳೆಯದೊಂದು ಗೇಮ್ ಬಾಯ್ ಅಡ್ವಾನ್ಸ್ ಕೊಂಡೆ, ಜೊತೆಗೆ 2002ರಲ್ಲಿ ಬಂದ ‘ಡೆಸರ್ಟ್ ಸ್ಟ್ರೈಕ್ ಅಡ್ವಾನ್ಸ್’ ಕಾರ್ಟ್ರಿಜ್. ಮಲಗಿದಲ್ಲೇ ಆಡಬಹುದು ಎಂಬ ಲೆಕ್ಕ. ಕೊಡುವ ಮೊದಲು ನಾನೇ ಒಂದು ವಾರ ಆಡಿ ನೋಡಿದೆ.

ಕಾಗದದ ಮೇಲೆ ಈ ಪುಟ್ಟ ಯಂತ್ರವೇ ಬಲಶಾಲಿ. ಮೆಗಾ ಡ್ರೈವ್‌ನ ಪ್ರೊಸೆಸರ್ ಓಡುವುದು ಸುಮಾರು 7.6 ಮೆಗಾಹರ್ಟ್ಸ್‌ನಲ್ಲಿ, ಇದರದು 16.78. ಆದರೆ ತೊಂದರೆ ಇರುವುದು ಸ್ಕ್ರೀನಿನಲ್ಲಿ. ಮೆಗಾ ಡ್ರೈವ್ ಟಿವಿಗೆ ಕಳಿಸುವ ಚಿತ್ರ 320x224, ಅಂದರೆ 71,680 ಚುಕ್ಕೆಗಳು. ಗೇಮ್ ಬಾಯ್ ಅಡ್ವಾನ್ಸ್‌ನದು 240x160, ಬರೀ 38,400. ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಹೆಲಿಕಾಪ್ಟರ್, ಟ್ಯಾಂಕುಗಳ ಗಾತ್ರವನ್ನು ಹೆಚ್ಚುಕಡಿಮೆ ಹಾಗೇ ಉಳಿಸಿಕೊಂಡು ಕಿಟಕಿಯನ್ನು ಮಾತ್ರ ಚಿಕ್ಕದು ಮಾಡಿದರೆ ಸುತ್ತಲಿನ ನೆಲ ಕಾಣೆಯಾಗುತ್ತದೆ.

ಈ ಆಟದಲ್ಲಿ ಹೆಲಿಕಾಪ್ಟರಿಗೆ ಜಡತ್ವವಿದೆ. ಬಟನ್ ಬಿಟ್ಟ ಮೇಲೂ ಸ್ವಲ್ಪ ದೂರ ಜಾರಿಕೊಂಡೇ ಹೋಗುತ್ತದೆ. ಹಾಗಾಗಿ ಮುಂದೇನಿದೆ ಎಂದು ಮೊದಲೇ ಕಾಣಬೇಕು. ಕಾಣದಿದ್ದರೆ ಜಾರಿಕೊಂಡು ನೇರ ಕ್ಷಿಪಣಿಯ ಬಾಯಿಗೇ ಹೋಗುತ್ತೀರಿ. ಎಲ್ಲಿದೆ ಎಂದು ಕಾಣದ ಡ್ರಮ್ ಹುಡುಕಲು ಇರುವ ಇಂಧನವನ್ನೇ ಸುಡಬೇಕು. ಲೆಕ್ಕಾಚಾರದ ಆಟ ಅದೃಷ್ಟದ ಆಟವಾಗುವುದು ಹೀಗೆ. ಇನ್ನು ಮೊದಲ ಮಾದರಿಯ ಆ ಯಂತ್ರದ ಸ್ಕ್ರೀನಿಗೆ ಸ್ವಂತ ಬೆಳಕಿಲ್ಲ, ಕಂದು ಮರಳಿನ ಮೇಲೆ ಕಂದು ಟ್ಯಾಂಕ್ ಗುರುತಿಸಲು ಕಿಟಕಿಯ ಪಕ್ಕ ಕೂರಬೇಕು. ಮೆಗಾ ಡ್ರೈವ್‌ನಲ್ಲಿ ಸಂಗೀತಕ್ಕೆಂದೇ ಯಮಾಹಾ ಚಿಪ್ ಇತ್ತು. ಇಲ್ಲಿ ರೆಕಾರ್ಡ್ ಮಾಡಿದ ಸದ್ದುಗಳನ್ನು ಬೆರೆಸುವ ಕೆಲಸವೂ ಮುಖ್ಯ ಪ್ರೊಸೆಸರಿನದೇ. ನನ್ನ ಕಿವಿಗಂತೂ ರೆಕ್ಕೆಯ ಸದ್ದು ತಗಡಿನ ಡಬ್ಬಿಯೊಳಗಿಂದ ಬಂದಂತಿತ್ತು.

ಹಾಗಿದ್ದರೂ ಮಾವನಿಗೆ ತೋರಿಸಿದೆ. ಕನ್ನಡಕ ಏರಿಸಿ ಐದು ನಿಮಿಷ ಆಡಿದರು. ‘ಎಂತದಾ ಇದು? ಗುಂಡು ಬರ್ತಾ ಉಂಟು, ಹೊಡೆಯುವವ ಕಾಣುವುದಿಲ್ಲ. ಮರುಭೂಮಿ ಎಲ್ಲಿಗೆ ಹೋಯ್ತು ಮಾರಾಯ?’ ಎಂದು ಯಂತ್ರವನ್ನು ನನ್ನ ಕೈಗೇ ಕೊಟ್ಟರು. ನಾನು ಪಿಕ್ಸೆಲ್ ಎಣಿಸಿ ಕಂಡುಕೊಂಡದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು. ಅಟ್ಟದಲ್ಲಿದ್ದ ಹಳೆಯ ಮೆಗಾ ಡ್ರೈವ್ ಅನ್ನು ಈಗ ಮಣಿಪಾಲದಲ್ಲಿ ರಿಪೇರಿಗೆ ಕೊಟ್ಟಿದ್ದೇವೆ.

ಸಣ್ಣ ಸ್ಕ್ರೀನಿಗೆ ದೊಡ್ಡ ಆಟ ಒಗ್ಗುವುದಿಲ್ಲ ಎಂದಲ್ಲ. ಪ್ಲೇಸ್ಟೇಷನ್ನಿನ ‘ಮೆಟಲ್ ಗೇರ್ ಸಾಲಿಡ್’ 2000ದಲ್ಲಿ ಗೇಮ್ ಬಾಯ್ ಕಲರ್‌ಗೆ ಬಂತು. ಅದರ ಸ್ಕ್ರೀನ್ 160x144, ಇನ್ನೂ ಚಿಕ್ಕದು. ಅವರು ಮೂರು ಆಯಾಮದ ಆಟವನ್ನು ಹಿಂಡಲು ಹೋಗಲಿಲ್ಲ. ಮೇಲಿನಿಂದ ನೋಡುವ ಹೊಸ ಆಟವನ್ನೇ, ಹೊಸ ಕತೆಯೊಂದಿಗೆ ಕಟ್ಟಿದರು. ಬಚ್ಚಿಟ್ಟುಕೊಂಡು ಸಾಗುವ ಮಜಾ ಮಾತ್ರ ಉಳಿಸಿಕೊಂಡರು. ವಿಮರ್ಶಕರು ಅದನ್ನು ಮೆಚ್ಚಿದರು.

ಪುಣೆಯ ನಮ್ಮ ಆಫೀಸಿನಲ್ಲೂ ಈಗ ಇದೇ ವಾದ. ಗೋದಾಮಿನ ಕಂಪ್ಯೂಟರಿನಲ್ಲಿರುವ 14 ಕಾಲಂಗಳ ಪಟ್ಟಿಯನ್ನು ಕೈಯಲ್ಲಿ ಹಿಡಿಯುವ ನಾಲ್ಕು ಇಂಚಿನ ಸ್ಕ್ಯಾನರಿಗೆ ಇಳಿಸಬೇಕು. ‘ಇದ್ದದ್ದನ್ನೇ ಚಿಕ್ಕದು ಮಾಡಿ ಕೊಡಿ, ಟೈಮ್ ಇಲ್ಲ’ ಎಂಬುದು ಮೇಲಿನವರ ಮಾತು. ಅದನ್ನು ಬಳಸುವವನು ಏಣಿಯ ಮೇಲೆ, ಕಂಕುಳಲ್ಲಿ ಬಾಕ್ಸ್ ಹಿಡಿದು ನಿಂತಿರುತ್ತಾನೆ. ಅವನಿಗೆ ಕೈ ಚಾಚುವ ಮೊದಲು ಏನು ಕಾಣಬೇಕು? ನಾನು ಕೇಳುತ್ತಿರುವುದು ಇಷ್ಟೇ.

ಕಳೆದ ಸೋಮವಾರದ ಮೀಟಿಂಗಿಗೆ ಮಾವ ಬೇಡವೆಂದ ಆ ಗೇಮ್ ಬಾಯ್ ಒಯ್ದಿದ್ದೆ. ಹತ್ತು ನಿಮಿಷ ಆಡಿ ಎಂದು ನಮ್ಮ ಮ್ಯಾನೇಜರ್ ಕೈಗಿಟ್ಟೆ. ನಾಲ್ಕನೇ ನಿಮಿಷಕ್ಕೆ ಹೆಲಿಕಾಪ್ಟರ್ ಉರುಳಿತು. ‘ಇದು ಎಲ್ಲಿಂದ ಬಂತು?’ ಎಂದರು. ಪಟ್ಟಿಯ 14 ಕಾಲಂಗಳಲ್ಲಿ ಹತ್ತು ಅವತ್ತೇ ಹೋದವು. ಉಳಿದ ನಾಲ್ಕಕ್ಕೆ ಜಗಳ ಇನ್ನೂ ನಡೆದಿದೆ.