ನಾಣ್ಯಾನ್ವೇಷಣೆಯೂ ಲೋಹಶೋಧಕ ಯಂತ್ರದ ನಿಯಂತ್ರಣಗಳೂ

ಇಂಗ್ಲೆಂಡಿನ ಹೊಲಗಳಲ್ಲಿ ಕೊಯ್ಲು ಮುಗಿದು ನೇಗಿಲು ಹಾದುಹೋದ ಮೇಲೆ, ಕೋಲಿನ ತುದಿಗೆ ತಟ್ಟೆಯಂತಹ ಸುರುಳಿಯನ್ನು ಕಟ್ಟಿಕೊಂಡು, ನೆಲವನ್ನು ಗುಡಿಸುವವರಂತೆ ಮೆಲ್ಲನೆ ನಡೆಯುವ ಹವ್ಯಾಸಿಗಳನ್ನು ಕಾಣಬಹುದು. ಇವರು ಹಳೆಯ ನಾಣ್ಯಗಳನ್ನು ಅರಸುವವರು. ಇಂತಹವರಿಗೆ ದೊರೆತ ವಸ್ತುಗಳನ್ನು ದಾಖಲಿಸುವುದಕ್ಕಾಗಿ 1997ರಲ್ಲಿ ಆರಂಭವಾಗಿ, 2003ರಿಂದ ಇಂಗ್ಲೆಂಡ್ ವೇಲ್ಸ್‌ಗಳೆರಡಕ್ಕೂ ಪೂರ್ಣವಾಗಿ ವ್ಯಾಪಿಸಿದ ‘ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್’ ಎಂಬ ವ್ಯವಸ್ಥೆಯಲ್ಲಿ 15 ಲಕ್ಷಕ್ಕೂ ಮೀರಿದ ವಸ್ತುಗಳ ವಿವರವುಂಟು. ಯಾವ ಅರಸನ ಹಣವು ಎಲ್ಲೆಲ್ಲಿ ಚಲಾವಣೆಯಲ್ಲಿತ್ತೆಂಬುದನ್ನು ನಿರ್ಣಯಿಸುವಾಗ ನಾಣ್ಯಶಾಸ್ತ್ರಜ್ಞರು ಈ ದಾಖಲೆಗಳನ್ನು ಆಧಾರವಾಗಿ ಹಿಡಿಯುತ್ತಾರೆ. ಹೀಗಿರಲಾಗಿ, ಯಂತ್ರವು ಯಾವುದನ್ನು ಕೇಳಿಸುತ್ತದೆ, ಯಾವುದನ್ನು ಅಡಗಿಸುತ್ತದೆ ಎಂಬುದು ಅದನ್ನು ಎಂದೂ ಕೈಯಲ್ಲಿ ಹಿಡಿಯದ ವಿದ್ವಾಂಸರಿಗೂ ವಿಚಾರಾರ್ಹವಾದ ವಿಷಯವಾಗಿದೆ.

ಯಂತ್ರದ ತತ್ತ್ವವು ಕಠಿನವಾದುದಲ್ಲ. ಸುರುಳಿಯಲ್ಲಿ ಕ್ಷಣಕ್ಷಣಕ್ಕೂ ದಿಕ್ಕನ್ನು ಬದಲಿಸುವ ವಿದ್ಯುತ್ಪ್ರವಾಹವನ್ನು ಹರಿಸಿದರೆ ಸುತ್ತಲೂ ಏರಿಳಿಯುವ ಕಾಂತಕ್ಷೇತ್ರವುಂಟಾಗುವುದು. ಅದರೊಳಕ್ಕೆ ಬಂದ ನಾಣ್ಯದ ಮೈಯಲ್ಲಿ ಸುಳಿಸುಳಿಯಾದ ಪ್ರವಾಹಗಳು ಹುಟ್ಟಿ, ಅವುಗಳಿಂದ ಹೊರಟ ಕಿರಿಯ ಕ್ಷೇತ್ರವು ಎರಡನೆಯದಾದ ಗ್ರಾಹಕ ಸುರುಳಿಯನ್ನು ಮುಟ್ಟುವುದು. ಈ ಮರುದನಿಯು ಎಷ್ಟು ಬಲವಾಗಿದೆ ಎಂಬುದಲ್ಲದೆ ಎಷ್ಟು ತಡವಾಗಿ ಬಂದಿತೆಂಬುದನ್ನೂ ಯಂತ್ರವು ಅಳೆಯುತ್ತದೆ. ದಪ್ಪನಾದ ಬೆಳ್ಳಿಯ ನಾಣ್ಯದ ಮರುದನಿ ಹೆಚ್ಚು ತಡವಾಗಿಯೂ ತೆಳುವಾದ ತಗಡಿನ ಚೂರಿನದು ಬೇಗನೆಯೂ ಬರುವುದು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ದೇಹದಲ್ಲಿ ಹುದುಗಿದ್ದ ಗುಂಡನ್ನು ಅಲೆಕ್ಸಾಂಡರ್ ಗ್ರಹಾಂ ಬೆಲ್ಲರು ಇಂತಹುದೇ ಉಪಕರಣದಿಂದ ಹುಡುಕಿ ವಿಫಲರಾದರು. ಹಾಸಿಗೆಯೊಳಗಿದ್ದ ಲೋಹದ ತಂತಿಗಳು ಅವರನ್ನು ದಾರಿತಪ್ಪಿಸಿದವೆಂದು ಹೇಳುವುದುಂಟು. ಬೇಡದ ಲೋಹದ ಗದ್ದಲವು ಈ ವಿದ್ಯೆಗೆ ಹುಟ್ಟಿನಿಂದಲೇ ಅಂಟಿಬಂದ ತೊಡಕು.

ಆ ಗದ್ದಲವನ್ನು ಅಡಗಿಸುವುದಕ್ಕಾಗಿಯೇ ‘ಡಿಸ್ಕ್ರಿಮಿನೇಷನ್’ ಎಂಬ ನಿಯಂತ್ರಣವು ಏರ್ಪಟ್ಟಿದೆ. ನಾವು ಇದನ್ನು ಲೋಹವಿವೇಚನೆಯೆಂದು ಕರೆಯಬಹುದು. ಆದರೆ ಇಲ್ಲಿ ವಿವೇಚನೆಯೆಂಬ ಮಾತು ಯಂತ್ರಕ್ಕೆ ಸ್ವಲ್ಪ ಹೆಚ್ಚಿನ ಗೌರವವನ್ನೇ ಕೊಟ್ಟಂತಾಗುವುದು. ಯಂತ್ರಕ್ಕೆ ಚಿನ್ನವೂ ತಿಳಿಯದು, ಚಕ್ರವರ್ತಿಯ ಮುಖಮುದ್ರೆಯೂ ತಿಳಿಯದು. ವಸ್ತುವಿನ ವಾಹಕಶಕ್ತಿ, ಗಾತ್ರ, ದಪ್ಪ, ಅದು ಮಲಗಿರುವ ಭಂಗಿ ಇವೆಲ್ಲವನ್ನೂ ಬೆರಸಿ ಒಂದು ಅಂಕೆಯನ್ನು ಮಾತ್ರ ಫಲಕದಲ್ಲಿ ತೋರಿಸುತ್ತದೆ. ಅಮೆರಿಕದ ಐದು ಸೆಂಟಿನ ನಾಣ್ಯವನ್ನೇ ತೆಗೆದುಕೊಳ್ಳಿ. ನೂರರಲ್ಲಿ 75 ಪಾಲು ತಾಮ್ರ, 25 ಪಾಲು ನಿಕಲ್ ಬೆರೆತ ಈ ನಾಣ್ಯವೂ, ಪಾನೀಯದ ಡಬ್ಬಿಯಿಂದ ಕಿತ್ತೆಸೆದ ಅಲ್ಯೂಮಿನಿಯಂ ಕೊಂಡಿಯೂ, ಚಿನ್ನದ ಉಂಗುರವೂ ಹೆಚ್ಚು ಕಡಮೆ ಒಂದೇ ಮಟ್ಟದ ಅಂಕೆಗಳನ್ನು ಕೊಡುವುವು. ಕೊಂಡಿಗಳ ಕಾಟಕ್ಕೆ ಬೇಸತ್ತು ಆ ಅಂಕೆಗಳನ್ನು ಮೌನಗೊಳಿಸಿದವನು ಉಂಗುರವನ್ನೂ ತುಳಿದುಕೊಂಡು ಮುಂದೆ ಹೋಗುವನು.

ಇಂಗ್ಲೆಂಡಿನಲ್ಲಿ ಇದರ ಪರಿಣಾಮವು ಇತಿಹಾಸವನ್ನೇ ತಟ್ಟುವುದು. ಅಲ್ಲಿ 1279ರ ನಾಣ್ಯಸುಧಾರಣೆಗೆ ಮುಂಚೆ ಸಣ್ಣ ವ್ಯವಹಾರಕ್ಕೆ ಬೆಳ್ಳಿಯ ಪೆನ್ನಿಯನ್ನು ಅದರ ಹಿಂಬದಿಯ ಶಿಲುಬೆಯ ಗೆರೆಗುಂಟ ಕತ್ತರಿಸಿ ಅರ್ಧ, ಕಾಲು ಭಾಗಗಳನ್ನಾಗಿ ಬಳಸುತ್ತಿದ್ದರು. ಇಡೀ ಪೆನ್ನಿಯ ತೂಕವೇ ಸುಮಾರು ಒಂದೂವರೆ ಗ್ರಾಂ. ಕಾಲು ತುಂಡಿನದು ಅರ್ಧ ಗ್ರಾಮಿಗೂ ಕಡಮೆ. ಲೋಹವು ಉತ್ತಮವಾದ ಬೆಳ್ಳಿಯೇ ಆದರೂ ತುಂಡು ಕಿರಿದಾದುದರಿಂದ ಅದರ ಅಂಕೆ ತಗಡಿನ ಮಟ್ಟಕ್ಕೆ ಇಳಿದುಬಿಡುವುದು. ವಿವೇಚನೆಯನ್ನು ಎತ್ತರಿಸಿಟ್ಟುಕೊಂಡು ಹುಡುಕುವವರಿಗೆ ಶ್ರೀಮಂತನ ಇಡಿಯ ನಾಣ್ಯವು ಸಿಕ್ಕೀತು. ಸಂತೆಯಲ್ಲಿ ರೊಟ್ಟಿ ಕೊಂಡವನ ಚೂರು ಸಿಕ್ಕುವುದು ದುರ್ಲಭ. ಇನ್ನು ಕಬ್ಬಿಣವನ್ನಂತೂ ಬಹುಮಂದಿ ಮೊದಲೇ ಅಡಗಿಸಿಡುತ್ತಾರೆ. ಆದಕಾರಣ ಇಂತಹ ದಾಖಲೆಗಳಲ್ಲಿ ಕಬ್ಬಿಣದ ವಸ್ತುಗಳು ವಿರಳವಾಗಿರುವುದನ್ನು ಕಂಡು ಅವು ನೆಲದಲ್ಲಿಯೇ ಇರಲಿಲ್ಲವೆಂದು ತೀರ್ಮಾನಿಸಲಾಗದು.

ಆವೃತ್ತಿಯ ಆಯ್ಕೆಯೂ ಇದೇ ಪ್ರಶ್ನೆಗೆ ಸೇರಿದುದು. ಐದಾರು ಕಿಲೋಹರ್ಟ್ಸಿನಂತಹ ಕೆಳ ಆವೃತ್ತಿಯು ದೊಡ್ಡ ಬೆಳ್ಳಿ ತಾಮ್ರಗಳಿಗೆ ಒಪ್ಪುವುದು; ಹದಿನೈದು ಇಪ್ಪತ್ತಕ್ಕೆ ಏರಿದರೆ ತೆಳುವಾದ ಚೂರುಗಳೂ ಸಣ್ಣ ಚಿನ್ನವೂ ಚೆನ್ನಾಗಿ ಕೇಳಿಸುವುವು. ಹಲವು ಆವೃತ್ತಿಗಳನ್ನು ಒಮ್ಮೆಗೇ ಹರಿಸುವ ಯಂತ್ರಗಳೂ ಈಗ ಬಳಕೆಯಲ್ಲಿವೆ. ಒದ್ದೆಯಾದ ಕಡಲತೀರದಲ್ಲಿ ಉಪ್ಪುನೀರೇ ವಾಹಕವಾಗಿ ಸುಳ್ಳುದನಿಯನ್ನೆಬ್ಬಿಸುವುದರಿಂದ ಅಲ್ಲಿ ಇವಾಗಲಿ, ಮಿಡಿತಮಿಡಿತವಾಗಿ ಪ್ರವಾಹವನ್ನು ಬಿಡುವ ಬೇರೆ ಬಗೆಯ ಯಂತ್ರವಾಗಲಿ ಮೇಲು. ಮಿಡಿತಯಂತ್ರವು ಆಳಕ್ಕೆ ಇಳಿಯಬಲ್ಲದು, ಆದರೆ ಮೊಳೆಯನ್ನೂ ನಾಣ್ಯವನ್ನೂ ಬೇರ್ಪಡಿಸುವುದರಲ್ಲಿ ಮಂದ. ಭೂಸಮತೋಲನವೆಂಬ ಗುಂಡಿಯು ಮಣ್ಣಿನಲ್ಲಿರುವ ಕಬ್ಬಿಣದ ಭಸ್ಮದ ಸದ್ದನ್ನು ಕಳೆಯುವುದಕ್ಕೆ. ಸೂಕ್ಷ್ಮತೆಯನ್ನು ತುದಿಗೇರಿಸಿದರೆ ಆಳ ಹೆಚ್ಚುವುದೆಂದು ಹೊಸಬರು ನಂಬುತ್ತಾರೆ. ಸಾಮಾನ್ಯವಾಗಿ ಹೆಚ್ಚುವುದು ಗೊಣಗಾಟವೇ. ದೊಡ್ಡ ಸುರುಳಿಯು ಬಯಲಿಗೂ ಚಿಕ್ಕದು ಮೊಳೆಗಳು ಚೆಲ್ಲಿರುವ ಹಳೆಯ ಮನೆಯ ನಿವೇಶನಕ್ಕೂ ಯೋಗ್ಯವಾದುವು.

ಕೊಳ್ಳುವವರು ಫಲಕದ ಬಣ್ಣಕ್ಕೆ ಮರುಳಾಗುವುದು ಸಹಜ. ಆದರೆ ನನ್ನ ಅಭಿಪ್ರಾಯದಲ್ಲಿ, ಕಬ್ಬಿಣಕ್ಕೆ ತಗ್ಗಿದ ದನಿ, ಬೆಳ್ಳಿಗೆ ಏರಿದ ದನಿ ಎಂಬಂತೆ ಎಲ್ಲವನ್ನೂ ಕೇಳಿಸಿ ನಿರ್ಣಯವನ್ನು ಕಿವಿಗೇ ಬಿಡುವ ಯಂತ್ರವು, ತಾನೇ ನಿರ್ಣಯಿಸಿ ಸುಮ್ಮನಾಗುವ ಯಂತ್ರಕ್ಕಿಂತ ಉತ್ತಮ. ಒಂದು ನಾಣ್ಯದ ಪಕ್ಕದಲ್ಲಿಯೇ ಮೊಳೆ ಬಿದ್ದಿರುವಾಗ ಮುರಿದು ಬರುವ ಅರೆದನಿಯನ್ನು ಪಳಗಿದ ಕಿವಿ ಗುರುತಿಸಬಲ್ಲದು.

ಶಾಸನದ ಕಟ್ಟುಪಾಡನ್ನೂ ಇಲ್ಲಿ ಹೇಳಬೇಕು. ಇಂಗ್ಲೆಂಡಿನ 1996ರ ನಿಧಿಶಾಸನದಂತೆ, 300 ವರ್ಷಕ್ಕೆ ಹಳೆಯದಾದ ಚಿನ್ನಬೆಳ್ಳಿಯ ನಾಣ್ಯಗಳು ಎರಡಾದರೂ ಒಂದೇ ನಿಕ್ಷೇಪದಲ್ಲಿ ದೊರೆತರೆ ಹದಿನಾಲ್ಕು ದಿನಗಳೊಳಗಾಗಿ ವರದಿಮಾಡತಕ್ಕದ್ದು. ನಮ್ಮ ದೇಶದಲ್ಲಿ 1878ರ ನಿಕ್ಷೇಪಶಾಸನವೂ ಕರ್ನಾಟಕದಲ್ಲಿ 1962ರ ಶಾಸನವೂ ಉಂಟಾದುದರಿಂದ ಅಲ್ಲಿಯ ಹವ್ಯಾಸವನ್ನು ಇಲ್ಲಿಗೆ ಹಾಗೆಯೇ ತರುವಂತಿಲ್ಲ.

1992ರ ನವೆಂಬರಿನಲ್ಲಿ ಸಫೋಕ್ ಪ್ರಾಂತದ ಹಾಕ್ಸ್ನ್ ಗ್ರಾಮದಲ್ಲಿ ರೈತನೊಬ್ಬನ ಕಳೆದುಹೋದ ಸುತ್ತಿಗೆಯನ್ನು ಅವನ ಸ್ನೇಹಿತನು ಲೋಹಶೋಧಕದಿಂದ ಹುಡುಕಹೊರಟನು. ಸುತ್ತಿಗೆಯನ್ನು ಅರಸುವವನು ಕಬ್ಬಿಣವನ್ನು ಮೌನಗೊಳಿಸುವಂತಿಲ್ಲವಷ್ಟೆ. ಅವನಿಗೆ ದೊರೆತುದು ರೋಮನ್ ಕಾಲದ ನಿಕ್ಷೇಪ. ನಾಣ್ಯಗಳು ಕಂಡೊಡನೆ ಅಗೆಯುವುದನ್ನು ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದನಾದಕಾರಣ ಪುರಾತತ್ತ್ವಜ್ಞರೇ ಬಂದು ಉಳಿದುದನ್ನು ಕ್ರಮವಾಗಿ ಹೊರತೆಗೆದರು. ಸುಮಾರು 15,000 ನಾಣ್ಯಗಳ ಜೊತೆಗೆ, ಅವುಗಳನ್ನಿಟ್ಟಿದ್ದ ಓಕ್ ಮರದ ಪೆಟ್ಟಿಗೆಯ ಕಬ್ಬಿಣದ ತಿರುಗಣಿಗಳೂ ಪಟ್ಟಿಗಳೂ ಮೊಳೆಗಳೂ ಸಿಕ್ಕಿದವು. ಮರವು ಕೊಳೆತುಹೋಗಿದ್ದರೂ ಪೆಟ್ಟಿಗೆಯ ಸ್ವರೂಪವನ್ನು ಊಹಿಸಲು ನೆರವಾದುವು ಈ ಕಬ್ಬಿಣದ ತುಂಡುಗಳು. ಸುತ್ತಿಗೆಯೂ ದೊರೆಯಿತು, ನಿಕ್ಷೇಪದೊಡನೆ ಅದೂ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿದೆ.