ಫಾಂಟ್ ಬಿಡಿ, ಪೆನ್ಸಿಲ್ ಹಿಡಿಯಿರಿ

ಫೆಸ್ಟ್ ಹತ್ತಿರ ಬಂತು ಅಂದ್ರೆ ಲೋಗೋ ಬೇಕು. ಹೆಸರು ಟೈಪ್ ಮಾಡಿ, ಸಿಕ್ಕಿದ ಫಾಂಟ್ ಹಾಕಿ, ಪಕ್ಕಕ್ಕೊಂದು ಗೇರ್ ಚಿತ್ರ ಅಂಟಿಸಿದರೆ ಮುಗೀತು ಅಂದುಕೊಳ್ತೀವಿ. ಮುಂದಿನ ವಾರ ಇನ್ನೊಂದು ಕಾಲೇಜಿನ ಪೋಸ್ಟರಿನಲ್ಲೂ ಅದೇ ಫಾಂಟ್! ಹಾಗಾದರೆ ನಮ್ಮ ಗುರುತು ಎಲ್ಲಿ ಉಳಿಯಿತು?

ಫಾಂಟ್ ಅಂಗಡಿಯಲ್ಲಿ ಸಿಗುವ ಸ್ಟ್ಯಾಂಡರ್ಡ್ ನಟ್-ಬೋಲ್ಟ್ ಇದ್ದಂತೆ. ಅದರ ಪ್ರತಿ ಅಕ್ಷರವೂ ಬೇರೆ ಯಾವ ಅಕ್ಷರದ ಪಕ್ಕ ಬಂದರೂ ಹೊಂದಿಕೊಳ್ಳಬೇಕು. ಕೈಯಿಂದ ಬಿಡಿಸಿದ ಅಕ್ಷರಕ್ಕೆ ಆ ಹಂಗಿಲ್ಲ. ಅದು ಒಂದೇ ಒಂದು ಪದಕ್ಕಾಗಿ ಹುಟ್ಟಿದ್ದು.

ಕೋಕಾ-ಕೋಲಾ ಲೋಗೋ ನೋಡಿ. 1886ರಲ್ಲಿ ಆ ಹೆಸರನ್ನು ಸೂಚಿಸಿದವರು, ಅದನ್ನು ಓರೆಯಾದ ಬಳುಕಿನ ಕೈಬರಹದಲ್ಲಿ ಬರೆದವರು ಫ್ರಾಂಕ್ ರಾಬಿನ್‌ಸನ್. ಕಂಪನಿಯ ಲೆಕ್ಕ ಬರೆಯುತ್ತಿದ್ದವರು! ಆಗ ಅಮೆರಿಕದಲ್ಲಿ ಚಾಲ್ತಿಯಲ್ಲಿದ್ದ ಸ್ಪೆನ್ಸೇರಿಯನ್ ಶೈಲಿಯೇ ಅದರ ಮೂಲ. ಎರಡು 'ಸಿ'ಗಳು ಜಾಹೀರಾತಿನಲ್ಲಿ ಚೆನ್ನಾಗಿ ಕಾಣುತ್ತವೆ ಅನ್ನೋದು ಅವರ ಲೆಕ್ಕಾಚಾರ. ಮೊದಲ 'ಸಿ'ಯ ಬಾಲ ಉಳಿದ ಅಕ್ಷರಗಳ ಅಡಿಯಲ್ಲಿ ಹಾಯುವುದನ್ನು ಗಮನಿಸಿ.

ಕನ್ನಡದಲ್ಲಿ ಇಂಥ ಆಟಕ್ಕೆ ಇನ್ನೂ ಹೆಚ್ಚು ಜಾಗ ಇದೆ. 'ಉತ್ಸವ' ಪದವನ್ನೇ ತಗೊಳ್ಳಿ. 'ತ'ದ ಕೆಳಗೆ 'ಸ' ಒತ್ತು ಜೋತುಬಿದ್ದಿದೆ. ಅದರ ಎರಡೂ ಬದಿ ಖಾಲಿ. ಆ ಒತ್ತಿನ ಬಾಲವನ್ನು 'ವ'ದ ಅಡಿಗೆ ಎಳೆದರೆ ಪದಕ್ಕೆ ಓಟ ಬರುತ್ತದೆ. ಅದೇ ಬಾಲವನ್ನು 'ವ'ದ ಬಲಗಡೆಯಿಂದ ಸುರುಳಿ ಸುತ್ತಿ ಎಳೆದಿರೋ, ಅದು 'ಮ' ಆಗಿಬಿಡುತ್ತದೆ. ಜನ 'ಉತ್ಸಮ' ಅಂತ ಓದುತ್ತಾರೆ. ಯಾವ ಗೀಟು ಅಲಂಕಾರ, ಯಾವ ಗೀಟು ಅಕ್ಷರದ ಜೀವ ಅಂತ ಮೊದಲು ತಿಳಿದಿರಬೇಕು.

ಮಾಡೋದು ಹೇಗೆ? ಹೆಸರಿನ ಭಾವ ಏನು ಅಂತ ಮೊದಲು ಕೇಳಿಕೊಳ್ಳಿ: ಗಡುಸೋ, ಕುಣಿತವೋ, ಶಾಂತವೋ? ಹತ್ತಾರು ಚಿಕ್ಕ ಚಿತ್ರ ಗೀಚಿ, ಒಂದನ್ನು ಆರಿಸಿ, ಟ್ರೇಸಿಂಗ್ ಪೇಪರಿನಲ್ಲಿ ತಿದ್ದಿ. ಫೋಟೋ ತೆಗೆದು ಇಂಕ್‌ಸ್ಕೇಪಿನಲ್ಲಿ ಬೆಝಿಯರ್ ರೇಖೆಗಳಿಂದ ಮತ್ತೆ ಎಳೆಯಿರಿ. ಬಿಂದುಗಳು ಕಡಿಮೆಯಿದ್ದಷ್ಟೂ ತಿರುವು ನುಣುಪು. ಕೊನೆಗೆ ಬರೀ ಕಪ್ಪು-ಬಿಳುಪಿನಲ್ಲಿ, ಹೆಬ್ಬೆರಳ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಒತ್ತಕ್ಷರ ಮಸಿಯ ಚುಕ್ಕೆಯಂತೆ ಕಂಡರೆ ಒಳಗಿನ ಜಾಗ ಹಿಗ್ಗಿಸಿ.

ಆಮೇಲೆ ವಿಷಯ ಗೊತ್ತಿಲ್ಲದ ಗೆಳೆಯನಿಗೆ ಒಮ್ಮೆ ತೋರಿಸಿ. ತಡವರಿಸದೆ ಓದಿದರೆ ಬ್ಯಾನರ್ ಪ್ರಿಂಟಿಗೆ ಕೊಡಬಹುದು.